ಜಾಲದ ಮೂಲಕ ಇಡೀ ಡಿಸ್ಕಿನ ಪ್ರತಿ: ಮಂಡಿ, ಕಾರ್ಖಾನೆಗಳಿಗೆ ಒಂದು ಪಾಠ

ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ಮೇ, ಜೂನ್ ತಿಂಗಳುಗಳಲ್ಲಿ ಲೆಕ್ಕ ಬರೆಯುವವರಿಗೆ ಬಿಡುವಿರುವುದಿಲ್ಲ. ಆ ಹಂಗಾಮಿನ ನಡುವೆ ಗಣಕಯಂತ್ರದ ಹಾರ್ಡ್ ಡಿಸ್ಕ್ ಕೆಟ್ಟಿತೆಂದು ಭಾವಿಸೋಣ. ಲೆಕ್ಕದ ಫೋಲ್ಡರನ್ನು ಪೆನ್ ಡ್ರೈವಿಗೆ ನಕಲು ಮಾಡಿಟ್ಟವರಲ್ಲಿ ಅಂಕಿಅಂಶಗಳೇನೋ ಉಳಿದಿರುತ್ತವೆ. ಆದರೆ ಹೊಸ ಡಿಸ್ಕಿಗೆ ವಿಂಡೋಸ್, ಪ್ರಿಂಟರಿನ ಡ್ರೈವರ್, ಲೆಕ್ಕದ ತಂತ್ರಾಂಶ, ಬಳಕೆದಾರರ ಪಾಸ್‌ವರ್ಡ್ ಎಲ್ಲವನ್ನೂ ಮೊದಲಿನಿಂದ ಅಳವಡಿಸಲು ಒಂದೆರಡು ದಿನಗಳೇ ಬೇಕಾಗಬಹುದು. ಹಣ್ಣು ಅಷ್ಟು ದಿನ ಕಾಯದು.

ಫೋಲ್ಡರುಗಳ ಬದಲಿಗೆ ಕಾರ್ಯಾಚರಣಾ ವ್ಯವಸ್ಥೆಯೂ ಸೇರಿದಂತೆ ಇಡೀ ಡಿಸ್ಕಿನ ಪ್ರತಿಯನ್ನು, ಅಂದರೆ ‘ಇಮೇಜ್’ ಅನ್ನು, ಜಾಲದ ಮೂಲಕ ಬೇರೊಂದು ಯಂತ್ರದಲ್ಲಿ ಇರಿಸುವುದು ಇದಕ್ಕೆ ಪರಿಹಾರ. ಇಲ್ಲೊಂದು ತೊಡಕುಂಟು. ಕೆಲಸ ನಡೆಯುತ್ತಿರುವಾಗ ಡಿಸ್ಕನ್ನು ನಕಲು ಮಾಡಿದರೆ ಅರ್ಧ ಹಳೆಯ, ಅರ್ಧ ಹೊಸ ಲೆಕ್ಕ ಸೇರಿ ಪ್ರತಿ ಕೆಡುತ್ತದೆ. ವಿಂಡೋಸಿನ ‘ವಾಲ್ಯೂಮ್ ಶ್ಯಾಡೋ ಕಾಪಿ’ ಮತ್ತು ಲಿನಕ್ಸಿನ ‘ಸ್ನ್ಯಾಪ್‌ಶಾಟ್’ ಸೌಲಭ್ಯಗಳು ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟು ಆ ಸ್ಥಿತಿಯ ಪ್ರತಿಯನ್ನೇ ನೀಡುತ್ತವೆ. ಬಿಲ್ ಬರೆಯುವವರು ಕೈ ನಿಲ್ಲಿಸಬೇಕಿಲ್ಲ.

ಮಾಲೂರಿನ ಕಾರ್ಖಾನೆಯೊಂದರಲ್ಲಿ 200 ಜಿಬಿ ತುಂಬಿದ ಡಿಸ್ಕಿದೆ ಎನ್ನೋಣ. 100 ಎಂಬಿಪಿಎಸ್‌ನ ಹಳೆಯ ಸ್ವಿಚ್ ಇದ್ದರೆ ಮೊದಲ ಪ್ರತಿಗೆ ಸುಮಾರು ಐದು ಗಂಟೆ ಹಿಡಿಯುತ್ತದೆ. ಗಿಗಾಬಿಟ್ ಸ್ವಿಚ್ಚಿನಲ್ಲಿ, ಡಿಸ್ಕಿಗೂ ಆ ವೇಗವಿದ್ದರೆ, ಅರ್ಧ ಗಂಟೆ ಸಾಕು. ಮರುದಿನದಿಂದ ಬದಲಾದ ಭಾಗಗಳನ್ನಷ್ಟೇ ಕಳುಹಿಸುವ ತಂತ್ರಾಂಶಗಳಿವೆ. ಆದರೆ ಅದೇ 200 ಜಿಬಿಯನ್ನು ಕೋಲಾರದಿಂದ ಮುಳಬಾಗಿಲಿನ ಶಾಖೆಗೆ 10 ಎಂಬಿಪಿಎಸ್ ಅಪ್‌ಲೋಡ್ ವೇಗದ ಅಂತರಜಾಲದಲ್ಲಿ ಕಳುಹಿಸಲು 44 ಗಂಟೆ ಬೇಕು! ಮೊದಲ ಪ್ರತಿಯ ಮಟ್ಟಿಗೆ ಡಿಸ್ಕನ್ನು ಬಸ್ಸಿನಲ್ಲಿ ಕೊಂಡೊಯ್ಯುವುದೇ ಶೀಘ್ರ.

ಪ್ರತಿ ಇರಿಸಿದ ಯಂತ್ರ ಸದಾ ಎಲ್ಲರಿಗೂ ತೆರೆದಿರಬಾರದು. 2017ರ ಮೇ ತಿಂಗಳಿನಲ್ಲಿ ಜಗತ್ತನ್ನು ಕಾಡಿದ ‘ವಾನ್ನಾಕ್ರೈ’ ವಿಂಡೋಸಿನ ಕಡತ ಹಂಚಿಕೆ ವ್ಯವಸ್ಥೆಯ ದೋಷದ ಮೂಲಕವೇ ಯಂತ್ರದಿಂದ ಯಂತ್ರಕ್ಕೆ ಹರಡಿತು. ಶ್ಯಾಡೋ ಕಾಪಿಗಳನ್ನೂ ಅಳಿಸಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ತಿದ್ದುಪಡಿ ನೀಡಿತ್ತೆಂಬುದು ವಿಷಾದದ ಸಂಗತಿ. ಆದುದರಿಂದ ಬ್ಯಾಕಪ್‌ಗೆ ಪ್ರತ್ಯೇಕ ಬಳಕೆದಾರ ಖಾತೆ ಮತ್ತು ಪಾಸ್‌ವರ್ಡ್ ಇರಬೇಕು. ಒಂದು ಪ್ರತಿಯಾದರೂ ತಂತಿ ಕಳಚಿದ ಡಿಸ್ಕಿನಲ್ಲಿರಬೇಕು.

ಕಾನೂನಿನ ಹೊಣೆಯೂ ಇದೆ. ಜಿಎಸ್‌ಟಿ ಕಾಯಿದೆಯ 36ನೇ ಕಲಮಿನಂತೆ, ವಾರ್ಷಿಕ ವಿವರಣಪಟ್ಟಿ ಸಲ್ಲಿಸುವ ಗಡುವಿನಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಯ್ದಿರಿಸಬೇಕು. ಕಂಪನಿಯಾಗಿ ನೋಂದಾಯಿತವಾದ ಸಂಸ್ಥೆಗಳು ವಿದ್ಯುನ್ಮಾನ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಇರಿಸಬೇಕೆಂದು 2022ರ ಆಗಸ್ಟ್ ತಿದ್ದುಪಡಿ ವಿಧಿಸಿದೆ.

‘ಬ್ಯಾಕಪ್ ಯಶಸ್ವಿ’ ಎಂಬ ಸಂದೇಶವನ್ನು ಮಾತ್ರ ನಂಬುವಂತಿಲ್ಲ. ಹಂಗಾಮಿಗೆ ಮುನ್ನ, ಏಪ್ರಿಲಿನ ಒಂದು ಭಾನುವಾರ, ಇಮೇಜನ್ನು ಖಾಲಿ ಡಿಸ್ಕಿಗೆ ಮರಳಿಸಿ, ಯಂತ್ರವನ್ನು ಅದರಿಂದಲೇ ಆರಂಭಿಸಿ, ಹಿಂದಿನ ದಿನದ ಒಂದು ಬಿಲ್ಲನ್ನು ಮುದ್ರಿಸಿ ನೋಡಬೇಕು. ಬೇರೆ ಯಂತ್ರಕ್ಕೆ ಮರಳಿಸಿದಾಗ ಕೆಲವು ತಂತ್ರಾಂಶಗಳು ಪರವಾನಗಿಯನ್ನು ಮತ್ತೆ ಕೇಳುತ್ತವೆ. ಅದರ ಕಾಗದಗಳನ್ನು ಬೀರುವಿನಲ್ಲಿ ಪ್ರತ್ಯೇಕವಾಗಿ ತೆಗೆದಿಡುವುದು ಒಳಿತು.