ನನ್ನ ಬಾವಿ, ನಮ್ಮೆಲ್ಲರ ನೀರು: ಲಕ್ಷದ್ವೀಪದ ರಜೆ ದಿನಗಳಿಂದ ಒಂದು ಪಾಠ



ಡಿಸೆಂಬರ್ ಕೊನೆಯ ರಜೆ ಹತ್ತಿರವಾಗುತ್ತಿದೆ. ಹಾಸ್ಟೆಲಿನಲ್ಲಿರುವವರು ಈಗಾಗಲೇ ಚೀಲ ತುಂಬುವ ಯೋಚನೆಯಲ್ಲಿದ್ದೀರಿ. ಇದೇ ದಿನಗಳಲ್ಲಿ ಕೇರಳದಲ್ಲಿ, ಮಂಗಳೂರಿನಲ್ಲಿ ಓದುವ ಲಕ್ಷದ್ವೀಪದ ಮಕ್ಕಳೂ ಮನೆಗೆ ಹೊರಡುತ್ತಾರೆ. ಅವರಿಗೆ ಬಸ್ಸಿನ ದಾರಿಯಿಲ್ಲ. ಕೊಚ್ಚಿಯಿಂದ ಹಡಗು ಹತ್ತಿದರೆ ಸುಮಾರು 14ರಿಂದ 18 ಗಂಟೆಗಳ ಪ್ರಯಾಣ.

ಹಡಗಿನಿಂದ ಇಳಿದು ಮನೆ ಸೇರಿದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಮೈಯೆಲ್ಲ ಉಪ್ಪುಗಾಳಿಯ ಅಂಟು. ಮೊದಲು ಮಾಡುವ ಕೆಲಸ ಸ್ನಾನ. ಹಾಸ್ಟೆಲಿನ ಅಭ್ಯಾಸದಂತೆ ನಲ್ಲಿ ತಿರುಗಿಸಿ ಹಾಗೇ ಬಿಟ್ಟರೆ ಮನೆಯ ಹಿರಿಯರು ಹೊರಗಿನಿಂದಲೇ ಕೂಗಿ ಎಚ್ಚರಿಸುತ್ತಾರೆ. ಅದು ಜಿಪುಣತನವಲ್ಲ. ಆ ಎಚ್ಚರಿಕೆಯ ಹಿಂದೆ ನೀವು ಪಿಯುಸಿಯಲ್ಲಿ ಓದುವ ಭೌತಶಾಸ್ತ್ರವಿದೆ, ಭೂಗೋಳವಿದೆ, ನೆರೆಹೊರೆಯ ಹಕ್ಕಿನ ಪ್ರಶ್ನೆಯೂ ಇದೆ. ಇಂದಿನ ಪಾಠ ಅದರ ಬಗ್ಗೆ.

ದ್ವೀಪಗಳ ಪರಿಚಯ

ಲಕ್ಷದ್ವೀಪ ಭಾರತದ ಅತಿ ಚಿಕ್ಕ ಕೇಂದ್ರಾಡಳಿತ ಪ್ರದೇಶ. ಎಲ್ಲ ದ್ವೀಪಗಳನ್ನು ಸೇರಿಸಿದರೂ ನೆಲ ಸುಮಾರು 32 ಚದರ ಕಿಲೋಮೀಟರ್. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ 64 ಸಾವಿರಕ್ಕೂ ಹೆಚ್ಚು. ಅಂದರೆ ಒಂದು ಚದರ ಕಿಲೋಮೀಟರಿಗೆ ಎರಡು ಸಾವಿರಕ್ಕೂ ಹೆಚ್ಚು ಜನ. ಇಲ್ಲಿ ನದಿಯಿಲ್ಲ, ಹಳ್ಳವಿಲ್ಲ, ಬೆಟ್ಟವಿಲ್ಲ. ನೆಲವೆಲ್ಲ ಹವಳದ ಪುಡಿಯಿಂದಾದ ಬಿಳಿ ಮರಳು. ನೆಲದ ಎತ್ತರ ಸಮುದ್ರ ಮಟ್ಟದಿಂದ ಕೆಲವೇ ಮೀಟರ್.

ನಮ್ಮ ಕರಾವಳಿಗೂ ಈ ದ್ವೀಪಗಳಿಗೂ ಹಳೆಯ ನಂಟಿದೆ. ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ ಎಂಬ ಉತ್ತರದ ಐದು ದ್ವೀಪಗಳು ಹದಿನೆಂಟನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನರ ಆಡಳಿತಕ್ಕೆ ಸೇರಿದ್ದವು. 1799ರ ನಂತರ ಅವು ಬ್ರಿಟಿಷರ ಕೈಗೆ ಬಂದು, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನಿಂದ ಆಳಲ್ಪಟ್ಟವು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ರಚನೆಯಾದಾಗ ಈ ಸಂಬಂಧ ಕಡಿಯಿತು. ಆದರೆ ವ್ಯಾಪಾರದ ನಂಟು ಕಡಿಯಲಿಲ್ಲ. ದ್ವೀಪದ ಕೊಬ್ಬರಿ, ತೆಂಗಿನ ನಾರು ಇತ್ತ ಬರುತ್ತಿತ್ತು, ಇಲ್ಲಿಯ ಅಕ್ಕಿ ಅತ್ತ ಹೋಗುತ್ತಿತ್ತು. ಮಂಗಳೂರಿನ ಹಳೆ ಬಂದರಿನಿಂದ ಈಗಲೂ ಮಂಜಿಗಳು ಆಹಾರ ಸಾಮಗ್ರಿ, ಕಟ್ಟಡ ಸಾಮಗ್ರಿ ತುಂಬಿಕೊಂಡು ಲಕ್ಷದ್ವೀಪಕ್ಕೆ ಹೋಗುತ್ತವೆ. ಮಳೆಗಾಲದಲ್ಲಿ ಅವುಗಳ ಸಂಚಾರ ನಿಲ್ಲುತ್ತದೆ.

ಅಕ್ಕಿ, ಸಿಮೆಂಟು, ಡೀಸೆಲ್ ಎಲ್ಲವನ್ನೂ ಹಡಗಿನಲ್ಲಿ ತರಬಹುದು. ಆದರೆ ದಿನನಿತ್ಯದ ನೀರನ್ನು ಹಾಗೆ ತರಲು ಸಾಧ್ಯವೇ? ಅದು ದ್ವೀಪದಲ್ಲಿಯೇ ಸಿಗಬೇಕು.

ಬಾವಿಯ ಕೆಳಗೆ ಸಮುದ್ರ

ಸುತ್ತ ಉಪ್ಪುನೀರಿರುವ ಮರಳಿನ ದಿಬ್ಬದಲ್ಲಿ ಬಾವಿ ತೋಡಿದರೆ ಸಿಹಿನೀರು ಹೇಗೆ ಸಿಗುತ್ತದೆ? ಉತ್ತರ ಸಾಂದ್ರತೆಯಲ್ಲಿದೆ. ಒಂದು ಲೀಟರ್ ಸಿಹಿನೀರಿನ ತೂಕ ಒಂದು ಕಿಲೋಗ್ರಾಂ. ಅಷ್ಟೇ ಸಮುದ್ರದ ನೀರು ಸುಮಾರು 25 ಗ್ರಾಂ ಹೆಚ್ಚು ತೂಗುತ್ತದೆ. ದ್ವೀಪದ ಮೇಲೆ ಬಿದ್ದ ಮಳೆ ಮರಳಿನಲ್ಲಿ ಇಂಗಿ ಕೆಳಗಿಳಿದು, ಅಲ್ಲಿ ತುಂಬಿಕೊಂಡಿರುವ ಉಪ್ಪುನೀರಿನ ಮೇಲೆ ತೇಲುತ್ತದೆ. ನಡುವೆ ದಪ್ಪ, ಅಂಚಿನಲ್ಲಿ ತೆಳು. ಆಕಾರ ಮಸೂರದಂತಿರುವುದರಿಂದ ಇದನ್ನು ಸಿಹಿನೀರಿನ ಮಸೂರ ಎನ್ನುತ್ತಾರೆ.

ಈ ತತ್ವವನ್ನು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ನೆದರ್ಲೆಂಡ್ಸಿನ ಘೈಬನ್, 1901ರಲ್ಲಿ ಜರ್ಮನಿಯ ಹರ್ಝ್‌ಬರ್ಗ್ ಬೇರೆ ಬೇರೆಯಾಗಿ ವಿವರಿಸಿದರು. ಅದರ ಪ್ರಕಾರ ಸಿಹಿನೀರಿನ ಮಟ್ಟ ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಸಮುದ್ರ ಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರು ನಿಲ್ಲುತ್ತದೆ. ಕೇಳಲು ಸಮಾಧಾನಕರ ಲೆಕ್ಕ. ಆದರೆ ಇದನ್ನೇ ತಿರುಗಿಸಿ ನೋಡಿ. ಮೇಲಿನ ಮಟ್ಟ ಒಂದು ಅಂಗುಲ ಇಳಿದು ಹಾಗೇ ನಿಂತರೆ, ಕೆಳಗಿನ ಉಪ್ಪುನೀರು ಕಾಲಕ್ರಮೇಣ 40 ಅಂಗುಲ ಮೇಲೇರುತ್ತದೆ!

ಇದು ಪುಸ್ತಕದ ಲೆಕ್ಕ. ಹವಳದ ಮರಳಿನಲ್ಲಿ ನೀರು ಸುಲಭವಾಗಿ ಹರಿಯುತ್ತದೆ. ಸಮುದ್ರದ ಉಬ್ಬರ ಇಳಿತಕ್ಕೆ ತಕ್ಕಂತೆ ಬಾವಿಯ ನೀರೂ ಏರಿಳಿಯುತ್ತದೆ, ಎರಡು ನೀರುಗಳ ಗಡಿ ಕಲಸಿಹೋಗುತ್ತದೆ. ಹೀಗಾಗಿ ನಿಜವಾದ ಮಸೂರ ಪುಸ್ತಕದ ಲೆಕ್ಕಕ್ಕಿಂತ ಬಹಳ ತೆಳು, ಕೆಲವೇ ಮೀಟರ್.

ಈ ಮಸೂರಕ್ಕೆ ನೀರು ತುಂಬುವುದು ಮಳೆಯೊಂದೇ. ಅಲ್ಲಿ ವರ್ಷಕ್ಕೆ ಸುಮಾರು 1,600 ಮಿಲಿಮೀಟರ್ ಮಳೆ, ಮಂಗಳೂರಿನ ಅರ್ಧಕ್ಕೂ ಕಡಿಮೆ. ಅದರಲ್ಲಿ ಹೆಚ್ಚಿನ ಪಾಲು ಮುಂಗಾರಿನಲ್ಲೇ ಸುರಿದು ಮುಗಿಯುತ್ತದೆ. ಡಿಸೆಂಬರ್ ಕಳೆದರೆ ಏಪ್ರಿಲ್‌ವರೆಗೆ ಮಳೆ ಬಹಳ ಅಪರೂಪ. ಮನೆಗಳು ತುಂಬುವ ರಜೆಯ ಹೊತ್ತಿಗೇ ಮಸೂರ ಕರಗಲು ಶುರುವಾಗುತ್ತದೆ. ಹಿರಿಯರ ಎಚ್ಚರಿಕೆಗೆ ಇದೇ ಕಾರಣ.

ಕೊಡದಿಂದ ಪಂಪಿಗೆ

ದ್ವೀಪದಲ್ಲಿ ಹೆಚ್ಚಿನ ಮನೆಗಳಿಗೆ ಸ್ವಂತ ಬಾವಿಯಿದೆ. ಮಸೀದಿಗಳ ಬಳಿ ಕೊಳಗಳಿವೆ. ಹಿಂದೆ ಬಾವಿಯಿಂದ ನೀರನ್ನು ಕೈಯಲ್ಲೇ ಸೇದುತ್ತಿದ್ದರು. ಕೊಡ ಮೇಲ್ಪದರದ ನೀರನ್ನಷ್ಟೇ ತೆಗೆಯುತ್ತದೆ. ಒಂದು ಕೊಡಕ್ಕೂ ಇನ್ನೊಂದಕ್ಕೂ ನಡುವೆ ಬಾವಿಗೆ ಚೇತರಿಸಿಕೊಳ್ಳಲು ಸಮಯ ಸಿಗುತ್ತದೆ. ವಿದ್ಯುತ್ ಪಂಪು ಹಾಗಲ್ಲ. ಅದು ಒಂದೇ ಕಡೆಯಿಂದ ಒಂದೇ ಸಮನೆ ಎಳೆದಾಗ ಆ ಜಾಗದ ಕೆಳಗೆ ಉಪ್ಪುನೀರು ಶಂಕುವಿನಂತೆ ಮೇಲೇಳುತ್ತದೆ. ಹೀಗೆ ಮೇಲೆದ್ದ ಉಪ್ಪು ಪಂಪು ನಿಲ್ಲಿಸಿದ ಕೂಡಲೇ ಪೂರ್ತಿ ಕೆಳಗಿಳಿಯುವುದಿಲ್ಲ. ಕೆಲವೊಮ್ಮೆ ಮುಂದಿನ ಮಳೆಗಾಲದವರೆಗೂ ಕಾಯಬೇಕಾಗುತ್ತದೆ.

ಇಲ್ಲಿ ಒಂದು ವಿಷಯವನ್ನು ಗಮನವಿಟ್ಟು ಯೋಚಿಸಿ. ಬಾವಿಯ ಕಟ್ಟೆ ನನ್ನದು, ಹಗ್ಗ ನನ್ನದು, ಪಂಪು ನನ್ನದು, ಕರೆಂಟು ಬಿಲ್ಲು ಕಟ್ಟುವವನೂ ನಾನೇ. ಆದರೆ ನೀರು? ನನ್ನ ಅಂಗಳದಲ್ಲಿ ಬಿದ್ದ ಮಳೆ ನೆರೆಮನೆಯ ಬಾವಿಯಲ್ಲಿದೆ, ಅವರ ಅಂಗಳದ ಮಳೆ ನನ್ನ ಬಾವಿಯಲ್ಲಿದೆ. ಮಸೂರಕ್ಕೆ ಬೇಲಿಯಿಲ್ಲ. ನಾನು ಹೆಚ್ಚು ಎಳೆದರೆ ಉಪ್ಪಾಗುವುದು ನನ್ನ ಬಾವಿಯೊಂದೇ ಅಲ್ಲ. ನನ್ನ ಶೌಚದ ಗುಂಡಿ ಬಾವಿಗಳ ಹತ್ತಿರವಿದ್ದರೆ ಅದರ ಕೊಳೆಯೂ ಅದೇ ಮರಳಿನಲ್ಲಿ ಹರಿದು ಎಲ್ಲರ ಬಾವಿ ಸೇರುತ್ತದೆ. ಬಾವಿನೀರಿನ ಈ ಮಾಲಿನ್ಯ ಲಕ್ಷದ್ವೀಪದ ನಿಜವಾದ ಆರೋಗ್ಯ ಸಮಸ್ಯೆ.

ಯಂತ್ರದ ನೀರಿನ ಲೆಕ್ಕ

ವಿಜ್ಞಾನ ಇಷ್ಟು ಮುಂದುವರಿದಿರುವಾಗ ಸಮುದ್ರದ ನೀರನ್ನೇ ಸಿಹಿ ಮಾಡಬಹುದಲ್ಲ ಎಂದು ನೀವು ಕೇಳಬಹುದು. ಮಾಡಿದ್ದಾರೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು 2005ರಲ್ಲಿ ಕವರತ್ತಿಯಲ್ಲಿ ಇಂತಹ ಘಟಕವನ್ನು ಸ್ಥಾಪಿಸಿತು. 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿಯಲ್ಲಿ, ನಂತರ ಕಡ್ಮತ್ ಮೊದಲಾದ ದ್ವೀಪಗಳಲ್ಲಿ ಘಟಕಗಳು ಬಂದವು.

ಇದರ ತತ್ವ ಬಹಳ ಸರಳ. ಒತ್ತಡ ಕಡಿಮೆಯಾದರೆ ನೀರು ಕಡಿಮೆ ಉಷ್ಣತೆಯಲ್ಲಿ ಕುದಿಯುತ್ತದೆ. ಪಾತ್ರೆಯೊಳಗಿನ ಒತ್ತಡವನ್ನು ವಾತಾವರಣದ ಒತ್ತಡದ ಸುಮಾರು ಮೂವತ್ತರಲ್ಲಿ ಒಂದು ಭಾಗಕ್ಕೆ ಇಳಿಸಿದರೆ 28 ಡಿಗ್ರಿ ಸೆಲ್ಸಿಯಸ್‌ನ ಸಮುದ್ರದ ನೀರೂ ಬೆಂಕಿಯಿಲ್ಲದೆ ಕುದಿಯುತ್ತದೆ. ಉಪ್ಪು ಉಳಿಯುತ್ತದೆ, ಆವಿ ಮೇಲೇಳುತ್ತದೆ. ಸುಮಾರು 350 ಮೀಟರ್ ಆಳದಿಂದ ಪೈಪಿನಲ್ಲಿ ತಂದ ತಣ್ಣನೆಯ ಸಮುದ್ರದ ನೀರಿನಿಂದ ಆ ಆವಿಯನ್ನು ತಂಪಾಗಿಸಿದರೆ ಸಿಹಿನೀರು ಸಿಗುತ್ತದೆ.

ಈಗ ಲೆಕ್ಕ ಮಾಡೋಣ. ಕವರತ್ತಿಯ ಘಟಕದ ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರ್. 2011ರಲ್ಲಿ ಅಲ್ಲಿಯ ಜನಸಂಖ್ಯೆ 11 ಸಾವಿರಕ್ಕೂ ಹೆಚ್ಚು. ಭಾಗಿಸಿದರೆ ತಲೆಗೆ ಸುಮಾರು ಒಂಬತ್ತು ಲೀಟರ್. ಕುಡಿಯಲು ಮತ್ತು ಅಡುಗೆಗೆ ಅದು ದೊಡ್ಡ ಉಪಕಾರ. ಆದರೆ ಗ್ರಾಮೀಣ ಮನೆಗಳಿಗೆ ನಮ್ಮ ದೇಶದಲ್ಲಿ ಗೊತ್ತುಪಡಿಸಿದ ಪ್ರಮಾಣ ತಲೆಗೆ ದಿನಕ್ಕೆ 55 ಲೀಟರ್. ಸ್ನಾನ, ಬಟ್ಟೆ, ಪಾತ್ರೆಗಳಿಗೆ ಮತ್ತೆ ಬಾವಿಯೇ ಗತಿ. ಇನ್ನೊಂದು ಮಾತು. ಈ ಯಂತ್ರದ ಪಂಪುಗಳಿಗೆ ವಿದ್ಯುತ್ ಬೇಕು. ದ್ವೀಪದ ವಿದ್ಯುತ್ತಿನ ಬಹುಪಾಲು ಡೀಸೆಲ್ ಜನರೇಟರುಗಳಿಂದ ಬರುತ್ತದೆ. ಡೀಸೆಲ್ ಹಡಗಿನಲ್ಲಿ ಬರಬೇಕು. ಆದ್ದರಿಂದ ಯಂತ್ರ ಇದ್ದ ಮಾತ್ರಕ್ಕೆ ಮಿತವ್ಯಯ ಬೇಡವೆನ್ನುವಂತಿಲ್ಲ.

ಹಂಚಿಕೊಳ್ಳುವ ಋತು

ನೀರಿನಲ್ಲಿರುವ ಮಿತಿಯೇ ಮೀನಿನಲ್ಲೂ ಇದೆ. ಮುಂಗಾರು ಮುಗಿದು ಕಡಲು ಶಾಂತವಾದ ಈ ತಿಂಗಳುಗಳು ಟ್ಯೂನ, ಅಂದರೆ ಚೂರ ಮೀನಿನ ಕಾಲ. ಮಿನಿಕಾಯಿಯವರು ತಲೆತಲಾಂತರದಿಂದ ಇದನ್ನು ಗಾಳದ ಕೋಲಿನಿಂದಲೇ ಹಿಡಿಯುತ್ತಾರೆ. ಮೊದಲು ಹವಳದ ದಿಬ್ಬದೊಳಗಿನ ಶಾಂತ ನೀರಿನಲ್ಲಿ ಸಣ್ಣ ಮೀನುಗಳನ್ನು ಜೀವಂತ ಹಿಡಿದಿಟ್ಟುಕೊಳ್ಳುತ್ತಾರೆ. ಹೊರಸಮುದ್ರದಲ್ಲಿ ಅವುಗಳನ್ನು ಎರಚಿ ಚೂರವನ್ನು ಹತ್ತಿರಕ್ಕೆ ಸೆಳೆಯುತ್ತಾರೆ. ಒಂದು ಗಾಳಕ್ಕೆ ಒಂದು ಮೀನು. ಬಲೆಯಲ್ಲಿ ಆಗುವಂತೆ ಬೇಡದ ಜೀವಿಗಳು ಸಿಕ್ಕಿ ಸಾಯುವುದು ಬಹಳ ಕಡಿಮೆ. ಹಿಡಿದದ್ದು ದೋಣಿಯ ಒಡೆಯನಿಗೂ ದುಡಿದವರಿಗೂ ಪಾಲಾಗುತ್ತದೆ. ಉಳಿದ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಿನಲ್ಲಿ ಒಣಗಿಸಿ 'ಮಾಸ್' ಮಾಡುತ್ತಾರೆ. ಫ್ರಿಜ್ಜಿಲ್ಲದೆಯೂ ಅದು ತಿಂಗಳುಗಟ್ಟಲೆ ಕೆಡುವುದಿಲ್ಲ. ಕಡಲಿಗೆ ಇಳಿಯಲಾಗದ ಮಳೆಗಾಲಕ್ಕೆ ಚಳಿಗಾಲದ ಉಳಿತಾಯ ಅದು.

ಗಾಳಕ್ಕೆ ಬೇಕಾದ ಆ ಸಣ್ಣ ಮೀನುಗಳಲ್ಲಿ ಹಲವು ಜೀವಂತ ಹವಳವನ್ನೇ ನಂಬಿಕೊಂಡಿವೆ. ಸಮುದ್ರ ಬಿಸಿಯಾದ 1998, 2010 ಮತ್ತು 2016ರಲ್ಲಿ ಅಲ್ಲಿಯ ಹವಳ ಬಿಳಿಚಿಕೊಂಡು ದೊಡ್ಡ ಪ್ರಮಾಣದಲ್ಲಿ ಸತ್ತಿತು. ಅಲೆಗಳಿಂದ ದ್ವೀಪದ ದಡವನ್ನು ಕಾಯುವುದೂ ಆ ದಿಬ್ಬವೇ. ಬಿಸಿ ಏರಲು ಕಾರಣವಾದ ಹೊಗೆಯಲ್ಲಿ ದ್ವೀಪದವರ ಪಾಲು ಅತ್ಯಲ್ಪ. ಇಲ್ಲಿ ನೆರೆಹೊರೆಯವರು ಯಾರು? ಗಾಡಿ ಓಡಿಸುವ, ಕರೆಂಟು ಉರಿಸುವ ನಾವೂ ಅವರ ನೆರೆಹೊರೆಯವರೇ.

ನಮಗೇನು ಪಾಠ?

ಸುಸ್ಥಿರ ಬದುಕು ಎಂದಾಗ ನಾವು ಗಿಡ ನೆಡುವುದು, ಭಿತ್ತಿಪತ್ರ ಬರೆಯುವುದು ಎಂದುಕೊಳ್ಳುತ್ತೇವೆ. ಅವೂ ಬೇಕು. ಆದರೆ ದ್ವೀಪ ಕಲಿಸುವ ಪಾಠ ಬೇರೆ. ನಾನು ಉಳಿಸುವುದು ನನ್ನ ಹಣವನ್ನಲ್ಲ, ಇನ್ನೊಬ್ಬರ ಪಾಲನ್ನು. ಪೋಲು ಮಾಡುವುದು ನನ್ನ ಸ್ವಾತಂತ್ರ್ಯವಲ್ಲ, ಇನ್ನೊಬ್ಬರ ಹಕ್ಕಿಗೆ ಕೈ ಹಾಕುವುದು. ಹರಿಯುವ ನದಿಯ ದಡದಲ್ಲಿದ್ದರೂ ವುಝೂವಿಗೆ ನೀರು ಪೋಲು ಮಾಡಬಾರದು ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ದ್ವೀಪದಲ್ಲಿ ಆ ಮಾತಿನ ಅರ್ಥ ಬಾವಿಯ ನೀರಿನ ರುಚಿಯಲ್ಲೇ ತಿಳಿಯುತ್ತದೆ.

ನಮ್ಮ ಕರಾವಳಿಯಲ್ಲೂ ಅಳಿವೆಯ ಹತ್ತಿರದ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುವುದುಂಟು. ನಮ್ಮ ಮನೆಯ ಪಂಪು ಎಳೆಯುವ ಅಂತರ್ಜಲಕ್ಕೂ ಬೇಲಿಯಿಲ್ಲ. ನಮ್ಮಲ್ಲಿ ಮಳೆ ಹೆಚ್ಚು, ಆದ್ದರಿಂದ ತಪ್ಪು ಗೊತ್ತಾಗುವುದು ತಡ. ಅಷ್ಟೇ ವ್ಯತ್ಯಾಸ.

ರಜೆಯಲ್ಲಿ ಮಾಡಿ ನೋಡಿ

1. ಒಂದು ಲೋಟದ ಅರ್ಧಕ್ಕೆ ಚೆನ್ನಾಗಿ ಉಪ್ಪು ಕರಗಿಸಿದ, ಬಣ್ಣ ಬೆರೆಸಿದ ನೀರು ಹಾಕಿ. ಅದರ ಮೇಲೆ ಚಮಚದ ಬೆನ್ನಿನಿಂದ ನಿಧಾನವಾಗಿ ಸಿಹಿನೀರು ಇಳಿಸಿ. ಎರಡು ಪದರ ಕಾಣುತ್ತದೆ. ಗಡಿಗಿಂತ ತುಸು ಮೇಲೆ ಸ್ಟ್ರಾ ಇಟ್ಟು ಮೊದಲು ಮೆಲ್ಲನೆ, ನಂತರ ಜೋರಾಗಿ ಎಳೆಯಿರಿ. ಬಣ್ಣ ಯಾವಾಗ ಮೇಲೇರಿತು?

2. ನಲ್ಲಿಯ ಕೆಳಗೆ ಬಕೆಟ್ ಇಟ್ಟು ವುಝೂ ಮಾಡಿ, ಬಕೆಟಿನಲ್ಲಿ ಸೇರಿದ ನೀರನ್ನು ಅಳೆಯಿರಿ. ಮರುದಿನ ಮಗ್ಗಿನಲ್ಲಿ ನೀರು ತೆಗೆದುಕೊಂಡು ಮಾಡಿ. ವ್ಯತ್ಯಾಸವನ್ನು ಐದರಿಂದ ಗುಣಿಸಿ, ಮನೆಯ ಜನರ ಸಂಖ್ಯೆಯಿಂದಲೂ ಗುಣಿಸಿ.

3. 100 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ 1,600 ಮಿಲಿಮೀಟರ್ ಮಳೆ ಬಿದ್ದರೆ ಎಷ್ಟು ಲೀಟರ್? (ಉತ್ತರ: 1,60,000.) ಐದು ಜನರ ಮನೆಗೆ, ತಲೆಗೆ ಒಂಬತ್ತು ಲೀಟರಿನಂತೆ, ಮಳೆಯಿಲ್ಲದ 120 ದಿನಗಳಿಗೆ ಎಷ್ಟು ದೊಡ್ಡ ಟ್ಯಾಂಕಿ ಬೇಕು? (ಉತ್ತರ: 5,400 ಲೀಟರ್.) ನಿಮ್ಮ ಮನೆಯ ಮಾಡನ್ನು ಅಳೆದು ಇದೇ ಲೆಕ್ಕ ಮಾಡಿ.

4. ನಿಮ್ಮ ಓಣಿಯ ಹಿರಿಯರಲ್ಲಿ ಕೇಳಿ: ಮೊದಲು ಏಪ್ರಿಲ್‌ನಲ್ಲಿ ಬಾವಿಯ ನೀರು ಎಷ್ಟು ಕೆಳಗಿತ್ತು? ಈಗ ಎಷ್ಟಿದೆ? ಯಾವ ವರ್ಷ ಪಂಪು ಬಂತು? ಉತ್ತರಗಳನ್ನು ಬರೆದು ತನ್ನಿ. ರಜೆ ಮುಗಿದ ಮೇಲೆ ಎಲ್ಲರ ಉತ್ತರಗಳನ್ನು ಒಂದೇ ನಕ್ಷೆಯಲ್ಲಿ ಗುರುತಿಸಿ ತರಗತಿಯ ಗೋಡೆಗೆ ಹಾಕೋಣ. ನಮ್ಮ ಕಾಲೇಜಿನ ಸುತ್ತಮುತ್ತಲಿನ ನೀರಿನ ಕಥೆ ಆಗ ನಮ್ಮ ಕಣ್ಣಿಗೇ ಕಾಣುತ್ತದೆ.