ಕರಗಿಸದೆ ಬೆಸೆಯುವ ವಿದ್ಯೆ



ರಜೆಯಲ್ಲಿ ಊರಿಗೆ ಹೋದಾಗ ಕುಂಬಾರನ ಆವಿಗೆಯನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಬೆಂಕಿಯಲ್ಲಿ ಮಡಕೆಯು ಕರಗಿ ಹರಿಯುವುದಿಲ್ಲ. ಆಕಾರವು ಹಾಗೆಯೇ ಉಳಿದು, ಮಣ್ಣಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಲೋಹದ ಪುಡಿಯನ್ನೂ ಅಚ್ಚಿನಲ್ಲಿ ಒತ್ತಿ, ಅದು ಕರಗುವ ಉಷ್ಣತೆಗಿಂತ ತುಸು ಕೆಳಗೆ ಕಾಯಿಸಿದರೆ, ಕಣಗಳು ಮುಟ್ಟಿಕೊಂಡಿರುವ ಎಡೆಯಲ್ಲಿ ಪರಮಾಣುಗಳು ಸರಿದು ಬೆಸುಗೆಯು ಬೆಳೆಯುತ್ತದೆ. ನಡುವಣ ರಂಧ್ರಗಳು ಕುಗ್ಗುತ್ತವೆ. ಇದಕ್ಕೆ ಸಿಂಟರಿಂಗ್ ಎಂದು ಹೆಸರು. ನಾವು ಇದನ್ನು ‘ಕಣಬೆಸುಗೆ’ ಎಂದು ಕರೆಯೋಣ.

ಈ ವಿದ್ಯೆಯಿಂದ ಏನು ಪ್ರಯೋಜನ? ವಿಮಾನಕ್ಕೂ ವಾಹನಕ್ಕೂ ಹಗುರವಾದ ಲೋಹ ಬೇಕು. ಅಲ್ಯುಮಿನಿಯಂ ಕಬ್ಬಿಣದ ಸುಮಾರು ಮೂರನೆಯ ಒಂದು ಭಾಗದಷ್ಟೇ ತೂಗುತ್ತದೆ. ಆದರೆ ಅದು ಮೃದು, ಬೇಗ ಸವೆಯುತ್ತದೆ. ಆದುದರಿಂದ ಅದರಲ್ಲಿ ಸಿಲಿಕಾನ್ ಕಾರ್ಬೈಡಿನಂತಹ ಕಠಿಣ ಕಣಗಳನ್ನು ಸೇರಿಸುತ್ತಾರೆ. ಕಾಂಕ್ರೀಟಿನಲ್ಲಿ ಜಲ್ಲಿಯಂತೆ ಇವು ಕರಗದೆ ಬೇರೆಯಾಗಿಯೇ ಉಳಿದು ಬಲ ಕೊಡುತ್ತವೆ. ಕರಗಿದ ಅಲ್ಯುಮಿನಿಯಮ್ಮಿನಲ್ಲಿ ಈ ಕಣಗಳನ್ನು ಬಹಳ ಹೊತ್ತು ಇಟ್ಟರೆ ಅಲ್ಯುಮಿನಿಯಂ ಕಾರ್ಬೈಡ್ ಉಂಟಾಗುತ್ತದೆ. ಇದು ಪೆಡಸು, ತೇವ ತಗುಲಿದರೆ ಕೆಡುತ್ತದೆ. ಕರಗಿಸದೆ ಬೆಸೆಯುವುದೇ ಇದಕ್ಕೆ ಪರಿಹಾರ.

ಆದರೆ ಒಂದು ತೊಡಕುಂಟು. ಅಲ್ಯುಮಿನಿಯಂ 660 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಅದರ ಪ್ರತಿ ಕಣವನ್ನೂ ಸುತ್ತಿರುವ ಆಕ್ಸೈಡಿನ ತೆಳುಪೊರೆಯಾದರೋ 2,000 ಡಿಗ್ರಿಗೂ ಕರಗದು. ಈ ಪೊರೆಯು ಬೆಸುಗೆಯನ್ನು ತಡೆಯುತ್ತದೆ. ವಾಡಿಕೆಯ ಕುಲುಮೆಯಲ್ಲಿ ಸ್ವಲ್ಪ ಮೆಗ್ನೀಸಿಯಂ ಬೆರೆಸಿ, ನೈಟ್ರೋಜನ್ ಅನಿಲದಲ್ಲಿ ಸುಮಾರು 600 ಡಿಗ್ರಿಗೆ ಕಾಯಿಸುತ್ತಾರೆ. ಮೆಗ್ನೀಸಿಯಂ ಪೊರೆಯನ್ನು ಒಡೆಯುತ್ತದೆ. ಅಲ್ಲಿ ಶಾಖವು ಹೊರಗಿನಿಂದ ನಿಧಾನವಾಗಿ ಒಳಸೇರಬೇಕು. ಹೊತ್ತು ಹೆಚ್ಚಿದಷ್ಟೂ ಲೋಹದ ಹರಳುಗಳು ದಪ್ಪವಾಗಿ ಬಲ ಕುಗ್ಗುತ್ತದೆ. ಆದುದರಿಂದ ಬೇಗನೆ ಮುಗಿಯುವ ವಿಧಾನಗಳನ್ನು ಹುಡುಕಬೇಕಾಯಿತು.

ಮೊದಲನೆಯದು ಮೈಕ್ರೋವೇವ್ ವಿಧಾನ. ಲೋಹದ ಗಟ್ಟಿಯು ಈ ಅಲೆಗಳನ್ನು ಹಿಂದಕ್ಕೆ ತಳ್ಳುತ್ತದೆ; ಲೋಹದ ಪುಡಿಯಾದರೋ ಹೀರಿಕೊಂಡು ಒಳಗಿನಿಂದಲೇ ಕಾಯುತ್ತದೆ. ರಾಂಚಿಯಲ್ಲಿ ಜನಿಸಿ, ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಅಧ್ಯಾಪಕರಾಗಿದ್ದ ರುಸ್ತುಂ ರಾಯ್ ಮತ್ತು ಅವರ ಸಹೋದ್ಯೋಗಿಗಳು 1999ರಲ್ಲಿ ಇದನ್ನು ಪ್ರಕಟಿಸಿದರು. ಸಿಲಿಕಾನ್ ಕಾರ್ಬೈಡ್ ಈ ಅಲೆಗಳನ್ನು ಚೆನ್ನಾಗಿ ಹೀರುವುದರಿಂದ, ಬಲಕ್ಕೆಂದು ಸೇರಿಸಿದ ಕಣವೇ ಶಾಖಕ್ಕೂ ನೆರವಾಗುತ್ತದೆ.

ಎರಡನೆಯದು ವಿದ್ಯುತ್ತಿನ ವಿಧಾನ. ಗ್ರಾಫೈಟಿನ ಅಚ್ಚಿನಲ್ಲಿ ಪುಡಿಯನ್ನು ತುಂಬಿ, ಮೇಲಿನಿಂದಲೂ ಕೆಳಗಿನಿಂದಲೂ ಒತ್ತುತ್ತ, ಪ್ರಬಲವಾದ ವಿದ್ಯುತ್ಪ್ರವಾಹವನ್ನು ಮಿಡಿತಮಿಡಿತವಾಗಿ ಹರಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ನೂರಾರು ಡಿಗ್ರಿ ಶಾಖವೇರುತ್ತದೆ; ಒತ್ತಡಕ್ಕೆ ಪೊರೆಯೂ ಬಿರಿಯುತ್ತದೆ. ಜಪಾನಿನ ಕಿಯೋಷಿ ಇನೌಯೆ 1960ರ ದಶಕದಲ್ಲಿ ಇದಕ್ಕೆ ದಾರಿ ತೆರೆದರು. ಇದನ್ನು ‘ಸ್ಪಾರ್ಕ್ ಪ್ಲಾಸ್ಮಾ’ ವಿಧಾನವೆನ್ನುತ್ತಾರೆ. ಒಳಗೆ ಕಿಡಿಯು ನಿಜವಾಗಿ ಹಾರುವುದೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಬಿಲ್ಲೆಯಂತಹ ಸರಳ ಆಕಾರಗಳಿಗೆ ಇದು ಸುಲಭ. ತೊಡಕಿನ ಆಕಾರಗಳಿಗೆ ಕಷ್ಟ. ಸಾವಿರಾರು ಬಿಡಿಭಾಗಗಳನ್ನು ಒಮ್ಮೆಗೇ ಬೇಯಿಸಲು ಹಳೆಯ ಕುಲುಮೆಯೇ ಇಂದಿಗೂ ಅನುಕೂಲ.

ನಿಮ್ಮಲ್ಲಿ ಹಲವರು ನಾಳೆ ಈ ನಗರದ ಕಾರ್ಖಾನೆಗಳಲ್ಲಿ ದುಡಿಯುವವರು. ಹೊಸ ಯಂತ್ರವನ್ನು ಕಂಡಾಗ ಅದರ ಹೆಸರಿಗೆ ಬೆರಗಾಗಬೇಡಿರಿ. ಶಾಖವು ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಒಳಗಿನ ಕಣಕ್ಕೆ ಏನು ಮಾಡುತ್ತದೆ ಎಂದು ಕೇಳಿರಿ. ಈ ಮೂರು ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಕೇಳಬಹುದು. ಉತ್ತರವನ್ನೂ ಕನ್ನಡದಲ್ಲಿಯೇ ತಿಳಿಯಬಹುದು.