ಸಾಹಸವೂ ಸ್ಥೈರ್ಯವೂ

ವೀರನೆಂದೊಡನೆ ವಿದ್ಯಾರ್ಥಿಗಳ ಕಣ್ಣಮುಂದೆ ನಿಲ್ಲುವುದು ಕತ್ತಿ ಹಿಡಿದ ಯೋಧನ ಚಿತ್ರ. ಆದರೆ ನಿರ್ಜನ ಪ್ರದೇಶದಲ್ಲಿ ಒಂಟಿಯಾಗಿ ಸಿಲುಕಿದ ಎಳೆಯ ಜೀವಕ್ಕೆ ಬೇಕಾಗುವ ವೀರಗುಣ ಬೇರೆಯೇ ತೆರನಾದುದು.

ಬ್ರೂಕ್‌ಫೀಲ್ಡ್, ವೈಟ್‌ಫೀಲ್ಡ್ ಕಡೆಯ ತರುಣರು ಭಾನುವಾರದ ನಸುಕಿನಲ್ಲಿ ಸೂರ್ಯೋದಯ ನೋಡಲೆಂದು ನಂದಿಬೆಟ್ಟಕ್ಕೆ ಧಾವಿಸುವುದುಂಟು. 2022ರ ಫೆಬ್ರವರಿ 20, ಭಾನುವಾರ, ಆ ಬೆಟ್ಟಗಳ ಬ್ರಹ್ಮಗಿರಿ ಭಾಗದಲ್ಲಿ 19 ವರ್ಷದ ವಿದ್ಯಾರ್ಥಿಯೊಬ್ಬನು ಕಾಲುಜಾರಿ, ಸುಮಾರು 300 ಅಡಿ ಕೆಳಗೆ ಬಂಡೆಯ ಚಾಚಿನ ಮೇಲೆ ಬಿದ್ದನು. ತಾನಿರುವ ಸ್ಥಳವನ್ನು ಮೊಬೈಲ್ ಫೋನಿನ ಮೂಲಕ ಪೊಲೀಸರಿಗೆ ತಿಳಿಸಿ, ಅಲ್ಲಿಯೇ ಕಾದನು. ನೆಲದ ಮಾರ್ಗದ ಯತ್ನಗಳು ಫಲಿಸದಿರಲು, ಯಲಹಂಕದಿಂದ ಬಂದ ವಾಯುಪಡೆಯ ಹೆಲಿಕಾಪ್ಟರ್ ಅವನನ್ನು ಮೇಲೆತ್ತಿಕೊಂಡಿತು. ಏರಲು ಹೊರಟದ್ದು ಸಾಹಸ. ನೋವಿನ ನಡುವೆ ಬುದ್ಧಿ ಕೆಡದೆ ಕಾದದ್ದು ಸ್ಥೈರ್ಯ. ಎರಡನೆಯದೇ ಅವನ ಪ್ರಾಣ ಉಳಿಸಿತು.

ಸುದ್ದಿ ಕಳುಹಿಸುವ ಸಾಧನವೂ ಇಲ್ಲದಿದ್ದರೆ? ದೂರದ ಪೆರು ದೇಶದ ಯೂಲಿಯಾನೆ ಕೋಪ್ಕೆಯ ವೃತ್ತಾಂತ ಇದಕ್ಕೆ ಉತ್ತರ ನೀಡುತ್ತದೆ. 1971ರ ಡಿಸೆಂಬರ್ 24ರಂದು ಸಿಡಿಲಿಗೆ ಸಿಕ್ಕ ವಿಮಾನವೊಂದು ಅಮೆಜಾನ್ ಅರಣ್ಯದ ಮೇಲೆ ಒಡೆದು ಚೂರಾಯಿತು. ಅದರಲ್ಲಿದ್ದ 92 ಮಂದಿಯಲ್ಲಿ ಬದುಕುಳಿದವಳು 17 ವರ್ಷದ ಈ ಬಾಲೆಯೊಬ್ಬಳೇ. ಜೊತೆಗಿದ್ದ ತಾಯಿಯೂ ಮಡಿದಳು. ಕೊರಳೆಲುಬು ಮುರಿದಿತ್ತು, ಕನ್ನಡಕ ಕಳೆದಿತ್ತು, ಕಾಲಿಗಿದ್ದುದು ಒಂದೇ ಪಾದರಕ್ಷೆ. ಆಹಾರವೆಂದರೆ ಸಿಕ್ಕಿದ ಒಂದು ಪೊಟ್ಟಣ ಮಿಠಾಯಿ. ಹುಡುಕುವ ವಿಮಾನಗಳ ಸದ್ದು ಕೇಳಿಸುತ್ತಿದ್ದರೂ ದಟ್ಟ ಮರಗಳ ಮರೆಯಲ್ಲಿದ್ದ ಅವಳು ಅವರಿಗೆ ಕಾಣುವಂತಿರಲಿಲ್ಲ. ಇಲ್ಲಿ ಕಾಯುವುದೇ ಮೃತ್ಯು.

ಆಕೆಯ ತಂದೆತಾಯಿಗಳು ಜೀವಶಾಸ್ತ್ರಜ್ಞರು. ಪಂಗುವಾನಾ ಎಂಬಲ್ಲಿ ಕಾಡಿನ ನಡುವೆಯೇ ಸಂಶೋಧನಾ ಕೇಂದ್ರ ನಡೆಸುತ್ತಿದ್ದರು. ತೊರೆಯು ಹೊಳೆಯನ್ನು ಸೇರುವುದು, ಹೊಳೆಯ ದಡದಲ್ಲಿ ಜನವಸತಿ ಇರುವುದು ಎಂದು ತಂದೆ ಕಲಿಸಿದ್ದನು. ಇದನ್ನೇ ಉತ್ತರಪತ್ರಿಕೆಯಲ್ಲಿ ಬರೆದು ಅಂಕ ಗಳಿಸುವವರು ಅಸಂಖ್ಯ! ಅವಳು ಅದರಂತೆ ನಡೆದಳು. ಮುಳ್ಳುಬಾಲದ ತೊರಕೆ ಮೀನುಗಳು ಆಳವಿಲ್ಲದ ನೀರಿನ ತಳದಲ್ಲಿ ಅಡಗಿರುವುದನ್ನು ಬಲ್ಲವಳಾದುದರಿಂದ ಕೋಲಿನಿಂದ ನೆಲ ತಡಕುತ್ತ ಸಾಗಿದಳು.

ಈ ಸೂತ್ರ ಎಲ್ಲೆಡೆಯೂ ಸಲ್ಲದು. ಪಶ್ಚಿಮಘಟ್ಟದಲ್ಲಿ ತೊರೆಯ ಜಾಡು ಹಿಡಿದವನು ಜಲಪಾತದ ಅಂಚಿಗೆ ಬಂದು ನಿಲ್ಲಬಹುದು. ನಂದಿಯ ತರುಣನಿಗೆ ನಿಂತಲ್ಲಿ ನಿಲ್ಲುವುದೇ ಸರಿಯಾಗಿತ್ತು; ಇವಳಿಗೆ ನಡೆಯುವುದೇ ಸರಿಯಾಗಿತ್ತು. ಇವನ್ನು ಬೇರ್ಪಡಿಸುವ ತಿಳಿವು ಆಪತ್ತಿನ ಗಳಿಗೆಯಲ್ಲಿ ಹುಟ್ಟುವುದಿಲ್ಲ. ಮೊದಲೇ ಮನೆಯಲ್ಲಿಯೋ ಶಾಲೆಯಲ್ಲಿಯೋ ಬಯಲಿನಲ್ಲಿಯೋ ದೊರೆತಿರಬೇಕು. ಮಕ್ಕಳನ್ನು ವರ್ಷಕ್ಕೊಮ್ಮೆ ಪ್ರವಾಸಕ್ಕೆ ಕರೆದೊಯ್ದು ಬಸ್ಸಿನ ಕಿಟಕಿಯಿಂದ ಬೆಟ್ಟ ತೋರಿಸಿದರೆ ಸಾಲದು.

ದಿನಗಳು ಕಳೆದ ಮೇಲೆ ಹೊಳೆಯ ಬದಿಯಲ್ಲಿ ಒಂದು ದೋಣಿ, ಅದರ ಬಳಿ ಗುಡಿಸಲು ಕಂಡವು. ತೋಳಿನ ಗಾಯದಲ್ಲಿ ಹುಳುಗಳು ತುಂಬಿದ್ದವು. ಹಿಂದೆ ನಾಯಿಯ ಗಾಯಕ್ಕೆ ತಂದೆ ಸೀಮೆಎಣ್ಣೆ ಹಾಕಿದ್ದನ್ನು ನೆನೆದು, ದೋಣಿಯ ಯಂತ್ರದ ಪೆಟ್ರೋಲನ್ನು ಗಾಯಕ್ಕೆ ಸುರಿದುಕೊಂಡಳು. ದೋಣಿಯನ್ನು ಮಾತ್ರ ಒಯ್ಯಲಿಲ್ಲ. ಅದು ಪರರ ಸೊತ್ತು. ಮರುದಿನ ಮರ ಕಡಿಯುವವರು ಬಂದು ಅವಳನ್ನು ಕಂಡರು. ಅಷ್ಟರಲ್ಲಿ 11 ದಿನಗಳು ಸಂದಿದ್ದವು. ಮುಂದೆ ಆಕೆ ಬಾವಲಿಗಳನ್ನು ಕುರಿತು ಅಧ್ಯಯನ ನಡೆಸಿ, ತಂದೆಯ ತರುವಾಯ ಅದೇ ಪಂಗುವಾನಾದ ಹೊಣೆ ಹೊತ್ತಳು.